ಕೀಲಿ ಎಲ್ಲರದು, ಹೆಸರು ನನ್ನದು

ನಮ್ಮ ನಡುಮನೆಯ ಬಾಗಿಲ ಹಿಂದೆ ಒಂದು ಮೊಳೆ ಇತ್ತು. ಅದರಲ್ಲಿ ಕಾರಿನ ಕೀಲಿ ತೂಗುತ್ತಿತ್ತು. ಮನೆಗೆ ಬಂದವರು ಯಾರು ಬೇಕಾದರೂ ಕೈಚಾಚಿ ತೆಗೆದುಕೊಳ್ಳಬಹುದಾಗಿದ್ದ ಆ ಕೀಲಿಯನ್ನು ಎಂದೂ ಮುಟ್ಟದಿದ್ದವಳು ಒಬ್ಬಳೇ. ಅವಳು ಆ ಕಾರಿನ ಒಡತಿ. ಅಂದರೆ ನಾನು.

ಒಡತಿ ಎಂದೆನೆಂದು ನಗಬೇಡಿ. 2014ರಲ್ಲಿ ಕಾರು ಕೊಳ್ಳುವಾಗ ಬ್ಯಾಂಕಿನವರು ಸಾಲ ಕೊಟ್ಟಿದ್ದು ನನ್ನ ಸಂಬಳದ ಸರ್ಟಿಫಿಕೇಟು ನೋಡಿ. ಸರ್ಕಾರಿ ಶಾಲೆಯ ಮೇಡಂ ಎಂದರೆ ಬ್ಯಾಂಕಿಗೆ ನಂಬಿಕೆ. ಹೀಗಾಗಿ ಸಾಲದ ಕಾಗದ, ಆರ್.ಸಿ., ಇನ್ಶೂರೆನ್ಸ್ ಪಾಲಿಸಿ ಎಲ್ಲವೂ ನನ್ನ ಹೆಸರಿಗೇ ಆದವು. ಕಂತು ಹೋಗುತ್ತಿದ್ದುದು ನನ್ನ ಸಂಬಳದಿಂದ. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ದಿನ ಬೀದಿಗೆಲ್ಲ ಸಿಹಿ ಹಂಚಿದವಳೂ ನಾನೇ. ಆದರೆ ಕಾರು ಓಡಿಸಲು ನನಗೆ ಬಾರದು. ಕಲಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾಚಿಕೆಯಿಂದಲೋ ಸೋಮಾರಿತನದಿಂದಲೋ ನಾನೂ ಎತ್ತಲಿಲ್ಲ. ಓಡಿಸುವವರು ನಮ್ಮ ಮನೆಯವರು. ಅವರಿಲ್ಲದಾಗ ಮೈದುನ, ಭಾವನ ಮಗ, ಪಕ್ಕದ ಮನೆಯವರ ಅಳಿಯ. ನಮ್ಮ ದಿಬ್ಬೂರಹಳ್ಳಿಯಂಥ ಊರಿನಲ್ಲಿ ಒಬ್ಬರ ಮನೆಯ ಮುಂದೆ ಕಾರು ನಿಂತರೆ ಅದು ಬೀದಿಯ ಬಾವಿಯಿದ್ದಂತೆ. ಕೊಡ ಹಿಡಿದು ಬಂದವರಿಗೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ.

2017ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ. ನಾನು ಒಲೆಯ ಮುಂದೆ ದೋಸೆ ಹುಯ್ಯುತ್ತಿದ್ದೆ. ನಮ್ಮ ಭಾವನವರ ಹುಳುಮನೆಯಲ್ಲಿ ಹಿಂದಿನ ದಿನವೇ ಚಂದ್ರಿಕೆಯಿಂದ ಗೂಡು ಬಿಡಿಸಿಯಾಗಿತ್ತು. ಬರಬೇಕಿದ್ದ ಟೆಂಪೋ ಬರಲಿಲ್ಲ. ರೇಷ್ಮೆ ಬೆಳೆಯುವವರ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ಆತಂಕ ಗೊತ್ತು. ಬಲಿತ ಗೂಡನ್ನು ಇಟ್ಟುಕೊಂಡು ಕೂರುವಂತಿಲ್ಲ. ದಿನ ಮೀರಿದರೆ ಒಳಗಿನ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ, ಆಮೇಲೆ ಅದರಿಂದ ನೂಲು ಬಿಚ್ಚಲಾಗದು. ಹೊತ್ತಿಗೆ ಸರಿಯಾಗಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿ ಹರಾಜಿಗೆ ಸುರಿಯಲೇಬೇಕು. ಭಾವನ ಮಗ ನಡುಮನೆಯಿಂದಲೇ ಕೂಗಿದ: “ಚಿಕ್ಕಮ್ಮಾ, ಕಾರು ತಗೊಂಡ್ ಹೋಗ್ತೀನಿ, ಗೂಡು ಹಾಕ್ಬಿಟ್ಟು ಬಂದ್ಬಿಡ್ತೀನಿ.” ನಾನು ತಿರುಗಿಯೂ ನೋಡದೆ “ಹೂಂ” ಎಂದೆ.

ಆ ಒಂದು “ಹೂಂ” ಎಷ್ಟು ಬೆಲೆಯದು ಎಂದು ನನಗೆ ತಿಳಿಯಲು ನಾಲ್ಕು ವರ್ಷ ಹಿಡಿಯಿತು.

ದಾರಿಯ ತಿರುವಿನಲ್ಲಿ ಕಾರು ಎದುರಿನ ಟಿವಿಎಸ್‌ಗೆ ಬಡಿಯಿತು. ಅದರ ಮೇಲೆ ಇದ್ದವರು ಡೈರಿಗೆ ಹಾಲು ಹಾಕಲು ಹೊರಟಿದ್ದ ಒಬ್ಬ ರೈತರು. ಅವರ ಬಲಗಾಲು ಎರಡು ಕಡೆ ಮುರಿಯಿತು. ಹಾಲು ರಸ್ತೆಯ ಪಾಲು, ಗೂಡಿನ ಚೀಲಗಳು ಕಾರಿನ ಹಿಂದಿನ ಸೀಟಿನಲ್ಲೇ. ನಮ್ಮ ಹುಡುಗನಿಗೆ ಹಣೆಯ ಮೇಲೊಂದು ತರಚಿದ ಗಾಯ. ಅವನ ಜೇಬಿನಲ್ಲಿದ್ದುದು ಕಲಿಯುವವರಿಗೆ ಕೊಡುವ ಎಲ್.ಎಲ್. ಅದರ ಆರು ತಿಂಗಳ ಅವಧಿ ಮುಗಿದು ಎರಡು ತಿಂಗಳಾಗಿತ್ತು. ಪಕ್ಕಾ ಲೈಸೆನ್ಸಿಗೆ ಅವನು ಪರೀಕ್ಷೆಗೇ ಹೋಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಪಂಚಾಯಿತಿ ಸೇರಿತು. ಭಾವನವರು ಮೆಲ್ಲನೆ ಹೇಳಿದರು: “ನೋಡಮ್ಮ, ನಿಮ್ಮ ಯಜಮಾನರಿಗೆ ಲೈಸೆನ್ಸ್ ಐತೆ. ಅವರೇ ಓಡಿಸ್ತಿದ್ರು ಅಂತ ಒಂದು ಮಾತು ಸ್ಟೇಷನ್ನಲ್ಲಿ ಹೇಳಿದ್ರೆ ಎಲ್ಲಾ ಸರಿಹೋಗುತ್ತೆ. ಇನ್ಶೂರೆನ್ಸ್ ಇದೆಯಲ್ಲ, ಅವರೇ ಕೊಡ್ತಾರೆ. ಹುಡುಗನ ಬಾಳು ಯಾಕೆ ಹಾಳಾಗಬೇಕು?” ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಮ್ಮ ಮನೆಯವರು ತಲೆ ತಗ್ಗಿಸಿ ಕುಳಿತರು. ನಾನು ಸತ್ಯಸಂಧಳೆಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಹೊತ್ತಿನಲ್ಲಿ ನನ್ನ ಮನಸ್ಸು ಮುಕ್ಕಾಲು ಭಾಗ ಒಪ್ಪಿತ್ತು.

ಸಂಜೆ ಆಸ್ಪತ್ರೆಗೆ ಹೋದೆ. ಗಾಯಗೊಂಡವರ ಹೆಂಡತಿ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದರು. ನನ್ನನ್ನು ಬೈಯುತ್ತಾರೆಂದು ಹೆದರಿಕೊಂಡೇ ಹೋಗಿದ್ದೆ. ಅವರು ಹೇಳಿದ್ದು ಇಷ್ಟೆ: “ಆ ಹುಡುಗ ಓಡಿಹೋಗಲಿಲ್ಲ ಕಣಮ್ಮ. ಇಳಿದು ಬಂದು ನೀರು ಕುಡಿಸಿದ ಅಂತ ಇವರು ಅಂದ್ರು.” ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಾಲು ಮುರಿದುಕೊಂಡ ಮನುಷ್ಯ ಕಂಡದ್ದನ್ನು ಕಂಡಂತೆ ಹೇಳುತ್ತಿದ್ದಾರೆ. ನಾವು ನಾಳೆ ಬೇರೊಬ್ಬರು ಓಡಿಸುತ್ತಿದ್ದರು ಎಂದರೆ ಅವರ ಬಾಯಿಂದ ಬಂದ ಸತ್ಯವೇ ಸುಳ್ಳಾಗಿ ಕಾಣುತ್ತದೆ. ಪೊಲೀಸರ ಕಾಗದದಲ್ಲಿ ಒಂದು ಹೆಸರು, ಗಾಯಾಳುವಿನ ಬಾಯಲ್ಲಿ ಇನ್ನೊಂದು ಮುಖ. ಇಂಥ ಸಂದು ಸಿಕ್ಕರೆ ಕಂಪನಿಯ ವಕೀಲರು ಬಿಡುತ್ತಾರೆಯೆ? ಅವರ ಪರಿಹಾರವೇ ವರ್ಷಗಟ್ಟಲೆ ಕೊಳೆಯುತ್ತದೆ. ನಮ್ಮ ಹುಡುಗನನ್ನು ಉಳಿಸುವ ಸುಳ್ಳು ಆ ಹೆಣ್ಣುಮಗಳ ಅನ್ನದ ತಟ್ಟೆಗೆ ಕೈ ಹಾಕುತ್ತಿತ್ತು. ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದು ತಿಳಿಸಿದೆ. ಆರು ತಿಂಗಳು ನಮ್ಮ ಓರಗಿತ್ತಿ ನನ್ನ ಜೊತೆ ಮಾತಾಡಲಿಲ್ಲ.

ಈ ಬದಲಿ ಚಾಲಕನ ಸುಳ್ಳು ನಮ್ಮ ಕಡೆ ಎಷ್ಟು ಸಲೀಸಾಗಿದೆ ಎಂದರೆ ಅದನ್ನು ಯಾರೂ ಸುಳ್ಳೆಂದೇ ಎಣಿಸುವುದಿಲ್ಲ. ಲೈಸೆನ್ಸ್ ಇರುವ ಒಬ್ಬ ಬಡಪಾಯಿಯನ್ನು ಮುಂದೆ ನಿಲ್ಲಿಸುವುದು, ಖರ್ಚು ನಾವು ನೋಡಿಕೊಳ್ಳುತ್ತೇವೆ ಎನ್ನುವುದು. ಇದು ಹಳ್ಳಿಯವರ ಜಾಣತನ ಮಾತ್ರವಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಓಡಿಸುತ್ತಿದ್ದನೆನ್ನಲಾದ ಕೋಟಿಗಟ್ಟಲೆ ಬೆಲೆಯ ಕಾರು ಬಡಿದು ಇಬ್ಬರು ಯುವ ಎಂಜಿನಿಯರುಗಳು ಸತ್ತರಲ್ಲ, ಅಲ್ಲಿಯೂ ಮನೆಯ ಡ್ರೈವರ್ ಮೇಲೆ ತಪ್ಪು ಹೊರಿಸಲು ಒತ್ತಾಯ ನಡೆಯಿತು, ಹುಡುಗನ ರಕ್ತದ ಬದಲು ತಾಯಿಯ ರಕ್ತ ಕೊಡಲಾಯಿತು ಎಂಬುದು ಪೊಲೀಸರು ಮಾಡಿದ ಆರೋಪ. ನಿಜ ಸುಳ್ಳು ನ್ಯಾಯಾಲಯ ಹೇಳಲಿ. ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ. ಬಡವರ ಮನೆಯಿರಲಿ ಸಾಹುಕಾರರ ಮನೆಯಿರಲಿ, ಗಂಡುಮಕ್ಕಳು ಮಾಡಿದ್ದನ್ನು ಮುಚ್ಚಲು ಕೊನೆಗೆ ಹುಡುಕುವುದು ಹೆಂಗಸಿನ ಹೆಸರನ್ನು, ಹೆಂಗಸಿನ ಸಹಿಯನ್ನು.

ಈಗ ಕೋರ್ಟಿನ ಕಥೆಗೆ ಬರುತ್ತೇನೆ. ನಮ್ಮ ವಕೀಲರೇ ಒಂದು ದಾರಿ ತೋರಿಸಿದರು. “ನಿಮಗೆ ತಿಳಿಯದ ಹಾಗೆ ಹುಡುಗ ಕೀಲಿ ತೆಗೆದುಕೊಂಡ ಅಂತ ಹೇಳಿಬಿಡಿ ಮೇಡಂ.” ಹೇಳಬಹುದಿತ್ತು. ಆದರೆ ದೋಸೆಯ ಕಾವಲಿ ನನ್ನ ಕಣ್ಣ ಮುಂದೆ ಬಂತು. ಕಂಪನಿಯ ಪರ ವಕೀಲರು ಪಾಟೀಸವಾಲಿನಲ್ಲಿ ಕೇಳಿದ್ದು ಮೂರೇ ಪ್ರಶ್ನೆ. ಕಾರು ಯಾರದು? ನನ್ನದು. ಕೀಲಿ ಎಲ್ಲಿರುತ್ತಿತ್ತು? ಬಾಗಿಲ ಹಿಂದಿನ ಮೊಳೆಯಲ್ಲಿ. ಹುಡುಗನಿಗೆ ಕಾರು ಕೊಡುವ ಮುನ್ನ ಲೈಸೆನ್ಸ್ ಇದೆಯೇ ಎಂದು ಕೇಳಿದಿರಾ?

ಹತ್ತೊಂಬತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿಕೊಂಡು ಬಂದಿದ್ದ ನಾನು, ಕೇಳಬೇಕಾದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. “ಇಲ್ಲ” ಎಂದೆ.

2021ರಲ್ಲಿ ಆದೇಶವಾಯಿತು. ಗಾಯಗೊಂಡವರಿಗೆ ವಿಮಾ ಕಂಪನಿ ಮೊದಲು ಹಣ ಕೊಡಬೇಕು, ಆಮೇಲೆ ಅದನ್ನು ಮಾಲೀಕಳಿಂದ ವಸೂಲಿ ಮಾಡಿಕೊಳ್ಳಬಹುದು. ಬಡ್ಡಿ ಸೇರಿ ನಾಲ್ಕೂವರೆ ಲಕ್ಷ. ನಮ್ಮ ಕಾರಿನ ರಿಪೇರಿಗಾದ 82 ಸಾವಿರಕ್ಕೆ ಕಂಪನಿ ಮೊದಲೇ ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಬರೆದು ಕೈತೊಳೆದುಕೊಂಡಿತ್ತು. ಲೈಸೆನ್ಸ್ ಇಲ್ಲದವನ ಕೈಗೆ ವಾಹನ ಕೊಟ್ಟಿದ್ದಕ್ಕೆ ನನಗೆ ದಂಡ ಬೇರೆ. ಜಿ.ಪಿ.ಎಫ್. ಹಣ ತೆಗೆದೆ, ಎರಡು ಬಳೆ ಅಡವಿಟ್ಟೆ. ಭಾವನವರು ಎರಡು ಬೆಳೆ ಗೂಡು ಮಾರಿ ಐವತ್ತು ಸಾವಿರ ತಂದುಕೊಟ್ಟರು. ಉಳಿದದ್ದು ನನ್ನದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಮಾಡಿದವರು ಬಹುಶಃ ಗಾಡಿ ಕೊಟ್ಟೇ ಕೆಟ್ಟಿರಬೇಕು.

ಊರಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು: ಇನ್ಶೂರೆನ್ಸಿನವರು ಮೋಸಗಾರರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಂಪನಿಗಳ ಮೇಲೆ ನನಗೂ ಸಿಟ್ಟಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಮೋಸ ನಡೆದದ್ದು ಬೇರೆ ಕಡೆ. ನಮ್ಮ ಮನೆಗಳಲ್ಲಿ ಹೆಣ್ಣಿನ ಹೆಸರನ್ನು ಸಾಲಕ್ಕೆ, ತೆರಿಗೆಗೆ, ಸಹಿಗೆ ಬಳಸಿಕೊಂಡು, ಅಧಿಕಾರವನ್ನು ಮಾತ್ರ ಮೊಳೆಗೆ ನೇತುಹಾಕುವ ಪದ್ಧತಿಯಿದೆಯಲ್ಲ, ಅದು ಮೋಸ. ಆ ಪದ್ಧತಿಗೆ ನಾವೇ “ಹೂಂ” ಎನ್ನುತ್ತಾ ಬಂದಿದ್ದೇವಲ್ಲ, ಅದು ಅದಕ್ಕಿಂತ ದೊಡ್ಡ ಮೋಸ.

ಕಾನೂನು ಏನು ಹೇಳುತ್ತದೆಂದು ನಾನು ಆಮೇಲೆ ಓದಿಕೊಂಡೆ. ಊರು ದೋಚಿದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನೀವಾದರೂ ಮೊದಲೇ ತಿಳಿದುಕೊಳ್ಳಿ.

ವಾಹನದ ವಿಮೆಯಲ್ಲಿ ಎರಡು ಭಾಗ. ನಮ್ಮ ವಾಹನದಿಂದ ಬೇರೆಯವರಿಗಾಗುವ ನಷ್ಟಕ್ಕೆ ಒಂದು, ಅದನ್ನು ಥರ್ಡ್ ಪಾರ್ಟಿ ಎನ್ನುತ್ತಾರೆ. ನಮ್ಮ ವಾಹನಕ್ಕೇ ಆಗುವ ನಷ್ಟಕ್ಕೆ ಇನ್ನೊಂದು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನ ಪ್ರಕಾರ ಮೊದಲನೆಯದು ಕಡ್ಡಾಯ, ಎರಡನೆಯದು ನಮ್ಮ ಇಷ್ಟ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ, ಹೊಸ ಸ್ಕೂಟರಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಐದು ವರ್ಷ ವಿಮೆಯಿದೆ ಎಂದು ಹಲವರು ನೆಮ್ಮದಿಯಾಗಿರುತ್ತಾರೆ. ತಮ್ಮ ಗಾಡಿಯ ನಷ್ಟ ಭರಿಸುವ ಭಾಗ ಒಂದೇ ವರ್ಷಕ್ಕೆ ಮುಗಿದಿರಬಹುದು ಎಂಬುದು ಗಾಡಿ ಜಖಂ ಆದ ದಿನವೇ ತಿಳಿಯುವುದು.

ಬೇರೆಯವರು ನಮ್ಮ ಕಾರು ಓಡಿಸಿ ಅಪಘಾತವಾದರೆ ವಿಮೆ ಸಿಗುವುದೇ ಇಲ್ಲ ಎಂದು ಕೆಲವರು ಹೆದರಿಸುತ್ತಾರೆ. ಅದು ಸುಳ್ಳು. ನಮ್ಮಲ್ಲಿ ವಿಮೆ ವಾಹನದ ಜೊತೆಗೆ ಹೋಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಮಾಲೀಕರೂ ಸೇರಿ ಯಾರು ಬೇಕಾದರೂ ಓಡಿಸಬಹುದು ಎಂದೇ ಬರೆದಿರುತ್ತದೆ. ಅದರ ಬೆನ್ನಿಗೇ ಷರತ್ತು: ಓಡಿಸುವವರ ಬಳಿ ಆ ಬಗೆಯ ವಾಹನಕ್ಕೆ ಸಲ್ಲುವ, ಆ ದಿನ ಜಾರಿಯಲ್ಲಿರುವ ಲೈಸೆನ್ಸ್ ಇರಬೇಕು. ಇದ್ದರೆ ತಮ್ಮನಾದರೂ ಸರಿ, ನೆರೆಯವರಾದರೂ ಸರಿ, ವಿಮೆಗೆ ಅಡ್ಡಿಯಿಲ್ಲ. ಆಗಲೂ ಸ್ವಲ್ಪ ಕೈಕಚ್ಚುತ್ತದೆ. ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ ಶೇಕಡ 20, ಐದು ವರ್ಷಕ್ಕೆ ಶೇಕಡ 50ರವರೆಗೆ ಏರುತ್ತದೆ. ಸ್ವಂತ ಗಾಡಿಯ ನಷ್ಟಕ್ಕೆ ಒಮ್ಮೆ ಕ್ಲೇಮು ಮಾಡಿದರೆ, ಗುದ್ದಿದವರು ಯಾರೇ ಆಗಲಿ, ಅದು ಸೊನ್ನೆಗೆ ಇಳಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಲೈಸೆನ್ಸ್ ಒಂದಿದ್ದರೆ ಸಾಲದು. ಓಡಿಸಿದವರು ಕುಡಿದಿದ್ದರೆ ನಮ್ಮ ಗಾಡಿಯ ನಷ್ಟಕ್ಕೆ ದುಡ್ಡು ಬರುವುದಿಲ್ಲ. 2022ರ ಏಪ್ರಿಲ್ 1ರಿಂದ ಕಾಯ್ದೆಯ ವಿಮೆಯ ಅಧ್ಯಾಯ ಹೊಸ ರೂಪದಲ್ಲಿ ಜಾರಿಗೆ ಬಂದಿದೆ. ಅದರಲ್ಲಿ ಕುಡಿದು ಓಡಿಸಿದ್ದನ್ನೂ ಕಂಪನಿ ತನ್ನ ಹೊಣೆ ತಪ್ಪಿಸಿಕೊಳ್ಳಲು ಮುಂದಿಡಬಹುದಾದ ಕಾರಣಗಳ ಪಟ್ಟಿಗೆ ಸೇರಿಸಿದ್ದಾರೆ. ಇನ್ನು ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ, ಅದರಲ್ಲಿ ಮಾರಾಟದ ಸರಕು ಸಾಗಿಸುವಂತಿಲ್ಲ. ನಮ್ಮ ಕಡೆ ಹೇಳುವುದಾದರೆ ಗೂಡಿನ ಚೀಲ, ಟೊಮೆಟೊ ಕ್ರೇಟು, ಹೂವಿನ ಮೂಟೆ. ನಮ್ಮ ಹುಡುಗನ ಬಳಿ ಲೈಸೆನ್ಸ್ ಇದ್ದಿದ್ದರೂ ಹಿಂದಿನ ಸೀಟಿನ ಆ ಚೀಲಗಳು ಬೇರೆ ತಕರಾರು ತರುತ್ತಿದ್ದವು.

ಹಾಗಾದರೆ ಗಾಯಗೊಂಡವರ ಗತಿ? 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಬಗ್ಗೆ ವಿವರವಾಗಿ ಹೇಳಿತು. ಚಾಲಕನಿಗೆ ಲೈಸೆನ್ಸ್ ಇರಲಿಲ್ಲ ಎಂದಷ್ಟೇ ಹೇಳಿ ಕಂಪನಿ ನುಣುಚಿಕೊಳ್ಳುವಂತಿಲ್ಲ. ಮಾಲೀಕರು ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳಲಿಲ್ಲ ಎಂಬುದನ್ನು ಕಂಪನಿಯೇ ಸಾಬೀತು ಮಾಡಬೇಕು. ಸಾಬೀತಾದರೂ ಬೀದಿಯಲ್ಲಿ ಬಿದ್ದವರಿಗೆ ಮೊದಲು ಹಣ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳುವಂತೆ ನ್ಯಾಯಮಂಡಳಿ ಹೇಳಬಹುದು. ನನಗಾದದ್ದು ಇದೇ. ನಾಲ್ಕೂವರೆ ಲಕ್ಷ ಕಟ್ಟಿದ ಮೇಲೂ ಹೇಳುತ್ತೇನೆ, ಇದು ನ್ಯಾಯವಾದ ಮಾತು. ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ಮನುಷ್ಯ ನನ್ನ ಅಸಡ್ಡೆಗೆ ಯಾಕೆ ತೆರಬೇಕು? ಆ ತೀರ್ಪಿನ ತಿರುಳನ್ನು ಗಮನಿಸಿ, ಸೋದರಿಯರೇ. ಮಾಲೀಕರು ಎಚ್ಚರ ವಹಿಸಿದ್ದರೆ, ಲೈಸೆನ್ಸ್ ಕೇಳಿ ನೋಡಿದ್ದರೆ, ಅವರಿಗೆ ರಕ್ಷಣೆಯುಂಟು. ಕೇಳುವ ಆ ಒಂದು ಪ್ರಶ್ನೆಯೇ ನಮ್ಮ ಕೊಡೆ.

ಗಾಡಿ ಕೊಟ್ಟವರ ಕಥೆ ಇದಾದರೆ, ಇಸಿದುಕೊಂಡವರ ಮನೆಯ ಕಥೆ ಇನ್ನೂ ಕಠಿಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಿಂದ ತನ್ನೂರಿಗೆ ಹೊರಟ ಒಬ್ಬರು ಬೇರೆಯವರ ಮೋಟರ್ ಸೈಕಲ್ ಕೇಳಿ ಪಡೆದಿದ್ದರು. ಮುಂದೆ ಕಬ್ಬಿಣದ ತಗಡು ಹೊತ್ತು ಹೋಗುತ್ತಿದ್ದ ಎತ್ತಿನಗಾಡಿ ಥಟ್ಟನೆ ನಿಂತಿತು, ಅದಕ್ಕೆ ಬಡಿದು ಅವರು ತೀರಿಕೊಂಡರು. ಅವರ ಹೆಂಡತಿ ಪರಿಹಾರ ಕೇಳಿ ಸುಪ್ರೀಂ ಕೋರ್ಟಿನವರೆಗೆ ಹೋದರು. 2009ರಲ್ಲಿ ತೀರ್ಪು ಬಂತು. ವಾಹನವನ್ನು ಎರವಲು ಪಡೆದವರು ಮಾಲೀಕರ ಜಾಗದಲ್ಲೇ ನಿಂತಂತೆ, ಹಾಗಾಗಿ ಯಾರ ತಪ್ಪೆಂದು ನೋಡದೆ ಪರಿಹಾರ ಕೊಡುತ್ತಿದ್ದ 163ಎ ಕಲಮಿನಡಿ ಅದೇ ವಾಹನದ ವಿಮೆಯಿಂದ ಅವರ ಮನೆಯವರು ಕೇಳಲಾಗದು ಎಂದು ಕೋರ್ಟು ಹೇಳಿತು. ಬೇರೆ ಕಲಮಿನಡಿ ಏನಾದರೂ ಸಲ್ಲುತ್ತದೆಯೇ ನೋಡಿ ಎಂದು ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿತು. ಗಂಡನನ್ನು ಕಳೆದುಕೊಂಡವರು ಮತ್ತೆ ಮೆಟ್ಟಿಲ ಬುಡದಿಂದ ಹತ್ತಬೇಕಾಯಿತು.

ಮಾಲೀಕರಿಗೆಂದು ಕಾರಿನ ಜೊತೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಮಾಡಿಸುತ್ತಾರೆ. 2018ರಲ್ಲಿ ಆ ಮೊತ್ತವನ್ನು ಹೆಚ್ಚಿಸಿದರು. ಇದನ್ನು ಕೇಳಿ ಮನೆಯವರೆಲ್ಲ ಕ್ಷೇಮವೆಂದು ತಿಳಿಯಬೇಡಿ. ಅದು ಲೈಸೆನ್ಸ್ ಇರುವ, ತಾನೇ ಓಡಿಸುವ ಮಾಲೀಕರಿಗೆ ಮಾತ್ರ. ಕಾರು ಹೆಂಡತಿಯ ಹೆಸರಿನಲ್ಲಿ, ಓಡಿಸುವವರು ಗಂಡ ಎಂದಾದರೆ ಗಂಡನಿಗೆ ಅದು ಸಲ್ಲದು. ಹೆಂಡತಿಗೆ ಲೈಸೆನ್ಸ್ ಇಲ್ಲದಿದ್ದರೆ ಅವಳಿಗೂ ಸಲ್ಲದು. ನಮ್ಮ ಬೀದಿಯಲ್ಲಿ ಹೆಂಗಸರ ಹೆಸರಿನ ಗಾಡಿಗಳನ್ನು ಎಣಿಸಿ ನೋಡಿದೆ, ಮುಕ್ಕಾಲು ಪಾಲು ಹೀಗೆಯೇ. ಅದಕ್ಕೆ ಬೇರೆ ಅಪಘಾತ ವಿಮೆ ಬೇಕು. ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರಿಗೆ ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಸುರಕ್ಷಾ ಬಿಮಾ ಯೋಜನೆಯಾದರೂ ಇದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ದುಡ್ಡು. ಅದನ್ನಾದರೂ ಮನೆಯವರೆಲ್ಲರ ಹೆಸರಿಗೆ ಮಾಡಿಸಿ.

ಮಾರಿದ ಗಾಡಿಯೂ ನಮ್ಮನ್ನು ಬಿಡುವುದಿಲ್ಲ. ದುಡ್ಡು ಎಣಿಸಿಕೊಂಡು ಕೀಲಿ ಕೊಟ್ಟರೆ ಮುಗಿಯಿತೆಂದು ತಿಳಿದ ಒಬ್ಬರ ಕಾರು ಕೈಯಿಂದ ಕೈಗೆ ದಾಟಿ 2009ರಲ್ಲಿ ಅಪಘಾತಕ್ಕೀಡಾಯಿತು. ಆರ್.ಸಿ.ಯಲ್ಲಿ ಮೊದಲಿನವರ ಹೆಸರೇ ಇತ್ತು. 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ. ಮಾರಿದ 14 ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕೆಂದು ಕಾಯ್ದೆಯಲ್ಲೇ ಇದೆ. ನಿಮ್ಮ ಹಳೆಯ ಸ್ಕೂಟರನ್ನು ಯಾರಿಗೋ ಕೊಟ್ಟಿದ್ದೀರಲ್ಲ, ಹೆಸರು ಬದಲಾಗಿದೆಯೆ?

ಕೊನೆಯದಾಗಿ, ಒಬ್ಬ ಉಪಾಧ್ಯಾಯಿನಿಯಾಗಿ ಹೇಳಲೇಬೇಕಾದ ಮಾತು. ಪ್ರೌಢಶಾಲೆಯ ಗೇಟಿನ ಬಳಿ ಬೆಳಿಗ್ಗೆ ನಿಂತು ನೋಡಿ. ಮೀಸೆ ಮೂಡದ ಹುಡುಗರು ಮೂರು ಮೂರು ಜನ ಒಂದೊಂದು ಸ್ಕೂಟರಿನಲ್ಲಿ ಬರುತ್ತಾರೆ. ವಿಚಾರಿಸಿದರೆ ಹೆಚ್ಚಿನವು ಅಮ್ಮನ ಗಾಡಿ. “ಅಮ್ಮಾನೇ ಕೊಟ್ರು ಮಿಸ್” ಎನ್ನುತ್ತಾರೆ. 2019ರಲ್ಲಿ ಕಾಯ್ದೆಗೆ 199ಎ ಎಂಬ ಕಲಮು ಸೇರಿದೆ. ಹದಿನೆಂಟು ತುಂಬದವರು ವಾಹನ ಓಡಿಸಿ ಅಪರಾಧ ಮಾಡಿದರೆ ತಂದೆತಾಯಿ ಅಥವಾ ವಾಹನದ ಮಾಲೀಕರನ್ನೇ ತಪ್ಪಿತಸ್ಥರೆಂದು ಭಾವಿಸಲಾಗುತ್ತದೆ. ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತೆಂದು ಸಾಬೀತು ಮಾಡುವ ಹೊಣೆ ನಮ್ಮ ತಲೆಯ ಮೇಲೆ. ದಿನವೂ ಟಿಫನ್ ಡಬ್ಬಿಯ ಜೊತೆ ಕೀಲಿಯನ್ನೂ ಕೈಗಿಡುವ ತಾಯಿ ಅದನ್ನು ಹೇಗೆ ಸಾಬೀತು ಮಾಡುತ್ತಾಳೆ? ಪ್ರೀತಿಯಿಂದ ಕೊಟ್ಟೆ ಎನ್ನುತ್ತೀರಿ. ಮಗುವಿನ ಕೈಗೆ ಕುಡುಗೋಲು ಕೊಡುವುದು ಪ್ರೀತಿಯಲ್ಲ.

ಕಂಪನಿಗಳ ಮೇಲಿನ ನನ್ನ ಸಿಟ್ಟು ಇಲ್ಲಿದೆ. ನಮಗೆ ಪಾಲಿಸಿ ಮಾಡಿಸುವವರು ಕಂತು ಎಷ್ಟೆಂದು ಕನ್ನಡದಲ್ಲಿ ಹೇಳುತ್ತಾರೆ, ಬೇಕಾದರೆ ತೆಲುಗಿನಲ್ಲೂ ಹೇಳುತ್ತಾರೆ. ಷರತ್ತು ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಇರುತ್ತದೆ. ಯಾರು ಓಡಿಸಬಹುದು, ಯಾವುದಕ್ಕೆ ಬಳಸಬಾರದು, ಯಾರಿಗೆ ಪರಿಹಾರವಿಲ್ಲ ಎಂಬ ನಾಲ್ಕು ಸಾಲನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲು ಎಷ್ಟು ಖರ್ಚಾದೀತು? ಹಣ ಕಟ್ಟುವ ನಾವು ಅದನ್ನು ಕೇಳಬೇಕು. ಓದಿ ಹೇಳಿ, ಆಮೇಲೆ ಸಹಿ ಹಾಕುತ್ತೇನೆ ಎನ್ನಬೇಕು. ನಾನು ಬಿ.ಎ., ಬಿ.ಎಡ್. ಓದಿದವಳು. ಮೂರು ವರ್ಷ ಆ ಕಾಗದವನ್ನು ಬೀರುವಿನಲ್ಲಿಟ್ಟು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಓದಲು ಬಾರದವರಿಗೂ ನನಗೂ ಏನು ವ್ಯತ್ಯಾಸ ಉಳಿಯಿತು?

ಇದನ್ನೆಲ್ಲ ಹೇಳಿದಾಗ ನನ್ನ ಗೆಳತಿಯೊಬ್ಬರು ಅಂದರು, “ನೀವು ಹೇಳೋದು ಸರಿ ಮೇಡಂ. ಆದರೆ ಸಂಬಂಧದಲ್ಲಿ ಲೈಸೆನ್ಸ್ ತೋರಿಸು ಅಂತ ಕೇಳೋಕಾಗುತ್ತಾ? ಮುಖ ಮುರಿದ ಹಾಗಾಗಲ್ವಾ?” ನಿಜ, ಮುಖ ಮುರಿಯುತ್ತದೆ, ಎರಡು ದಿನ. ಕೇಳದೆ ಕೊಟ್ಟು ನಮ್ಮ ಮನೆಯಲ್ಲಿ ಮಾತು ಮುರಿದದ್ದು ಆರು ತಿಂಗಳು. ಕಾಲು ಮುರಿದದ್ದು ಒಬ್ಬರ ಬಾಳಿನಲ್ಲಿ ಶಾಶ್ವತವಾಗಿ. ಅವರು ಇಂದಿಗೂ ಸ್ವಲ್ಪ ಕುಂಟುತ್ತಾರೆ. ದಾರಿಯಲ್ಲಿ ಸಿಕ್ಕರೆ “ಚೆನ್ನಾಗಿದ್ದೀರಾ ಮೇಡಂ” ಎಂದು ಅವರೇ ಮೊದಲು ಕೇಳುತ್ತಾರೆ. ಆ ಮಾತಿನ ಮುಂದೆ ನನ್ನ ಬಳೆಯ ನಷ್ಟ ಏನೇನೂ ಅಲ್ಲ.

ಮನೆಗೆ ಬಂದವರು ಹಣ ಸಾಲ ಕೇಳಿದರೆ ನಾವು ಹತ್ತು ಪ್ರಶ್ನೆ ಕೇಳುತ್ತೇವೆ. ಒಂದು ಸೇರು ಅಕ್ಕಿ ಎರವಲು ಕೊಟ್ಟರೂ ನೆನಪಿಟ್ಟುಕೊಳ್ಳುತ್ತೇವೆ. ಮದುವೆಗೆ ಹಾಕಿಕೊಳ್ಳಲು ಸರ ಕೇಳಿದರೆ ಕೊಕ್ಕೆ ಸರಿಯಿದೆಯೇ ನೋಡಿ ಕೊಡುತ್ತೇವೆ. ಒಂದು ಜೀವ ತೆಗೆಯಬಲ್ಲ, ಒಂದು ಸಂಸಾರವನ್ನು ಬೀದಿಗೆ ತರಬಲ್ಲ ವಸ್ತುವನ್ನು ಮಾತ್ರ ಒಲೆಯ ಮುಂದೆ ನಿಂತು ತಿರುಗಿ ನೋಡದೆ ಕೊಟ್ಟುಬಿಡುತ್ತೇವೆ. ಇದಕ್ಕೆ ದೊಡ್ಡಮನಸ್ಸು ಎಂದು ಹೆಸರಿಟ್ಟಿದ್ದೇವೆ.

ಬಾಗಿಲ ಹಿಂದಿನ ಆ ಮೊಳೆಯನ್ನು ನಾನು ಕೀಳಿಸಿದೆ. ಕೀಲಿ ಈಗ ನನ್ನ ಬೀರುವಿನಲ್ಲಿದೆ, ಆರ್.ಸಿ. ಮತ್ತು ಪಾಲಿಸಿಯ ಪಕ್ಕದಲ್ಲಿ. ನಮ್ಮ ಮನೆಯವರೂ ಕೇಳಿಯೇ ತೆಗೆದುಕೊಳ್ಳುತ್ತಾರೆ. ಮೊದಮೊದಲು ಗೊಣಗಿದರು, ಈಗ ರೂಢಿಯಾಗಿದೆ. ಹೋದ ದೀಪಾವಳಿಗೆ ಭಾವನ ಮಗ ಬಂದಿದ್ದ. ಈಗ ಅವನಿಗೆ ಮದುವೆಯಾಗಿ ಒಂದು ಮಗುವಿದೆ. “ಚಿಕ್ಕಮ್ಮಾ, ಮಗೂನ ಡಾಕ್ಟರ ಹತ್ತಿರ ಕರ್ಕೊಂಡ್ ಹೋಗಬೇಕು” ಎಂದು ಹೇಳುತ್ತಲೇ ನಾನು ಕೇಳುವ ಮೊದಲು ಜೇಬಿನಿಂದ ಡಿ.ಎಲ್. ತೆಗೆದು ಮೇಜಿನ ಮೇಲಿಟ್ಟ. ನಾನು ಕನ್ನಡಕ ಹಾಕಿಕೊಂಡು ತಾರೀಕು ನೋಡಿದೆ. ಅವನಿಗೆ ಬೇಸರವಾಗಲಿಲ್ಲ. ಕೀಲಿ ಕೊಟ್ಟೆ.

ನೀವೂ ಇವತ್ತು ಸಂಜೆ ಬೀರು ತೆಗೆದು ನೋಡಿ. ಗಾಡಿ ಯಾರ ಹೆಸರಿನಲ್ಲಿದೆ, ವಿಮೆಯ ಯಾವ ಭಾಗ ಯಾವ ತಾರೀಕಿಗೆ ಮುಗಿಯುತ್ತದೆ, ಓಡಿಸುವವರಲ್ಲಿ ಯಾರ ಲೈಸೆನ್ಸ್ ಇನ್ನೂ ಜಾರಿಯಲ್ಲಿದೆ. ಹೆಸರು ನಿಮ್ಮದಾಗಿದ್ದರೆ ಕೀಲಿಯೂ ನಿಮ್ಮದಾಗಿರಲಿ. ಕೀಲಿ ಕೊಡುವುದಿಲ್ಲ ಎಂದು ಮನೆಯವರು ಹೇಳಿದರೆ, ಮುಂದಿನ ಸಲ ಸಹಿ ಹಾಕಲು ಪೆನ್ನು ಹಿಡಿಯಬೇಡಿ.